ಬಂದೂಕು ಕೆಳಗಿಟ್ಟ ಮೇಲೆ: ಕೊಲಂಬಿಯಾದ ಶಾಂತಿಗೆ ಆದದ್ದೇನು?

2016ರ ಅಕ್ಟೋಬರ್ 2ರಂದು ಕೊಲಂಬಿಯಾದ ಮತದಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಫಾರ್ಕ್ ಎಂಬ ಗೆರಿಲ್ಲಾ ಸಂಘಟನೆಯ ಜೊತೆ ಸರ್ಕಾರ ಮಾಡಿಕೊಂಡ ಶಾಂತಿ ಒಪ್ಪಂದ ಬೇಕೋ, ಬೇಡವೋ? ಬೊಹಾಯಾ ಎಂಬ ನದಿದಂಡೆಯ ಊರು ‘ಬೇಕು’ ಅಂದಿತು. ಅಲ್ಲಿ ಬಿದ್ದ 100 ವೋಟಿನಲ್ಲಿ 96 ಒಪ್ಪಂದದ ಪರ. ಇದೇ ಊರಿನ ಚರ್ಚಿನ ಮೇಲೆ 2002ರ ಮೇ 2ರಂದು ಫಾರ್ಕ್ ಹಾರಿಸಿದ ಗ್ಯಾಸ್ ಸಿಲಿಂಡರ್ ಬಾಂಬ್ ಬಿದ್ದಿತ್ತು. ಹೊರಗೆ ಫಾರ್ಕ್‌ಗೂ ಪ್ಯಾರಾಮಿಲಿಟರಿ ಎಂದು ಕರೆಯುವ ಬಲಪಂಥೀಯ ಖಾಸಗಿ ಪಡೆಗೂ ಗುಂಡಿನ ಕಾಳಗ ನಡೆದಿತ್ತು. ಜೀವ ಉಳಿದರೆ ಸಾಕು ಅಂತ ಊರವರು ಚರ್ಚಿನೊಳಗೆ ಸೇರಿಕೊಂಡಿದ್ದರು. ಸತ್ತವರು ಹೆಚ್ಚುಕಡಿಮೆ 80 ಜನ. ಅರ್ಧಕ್ಕಿಂತ ಜಾಸ್ತಿ ಮಕ್ಕಳು.

ದೇಶದ ಒಟ್ಟು ಫಲಿತಾಂಶ ಬಂದಾಗ ಗೆದ್ದದ್ದು ‘ಬೇಡ’. ಶೇ 50.2 ಬೇಡ, ಶೇ 49.8 ಬೇಕು. ಅಂತರ 54 ಸಾವಿರ ವೋಟೂ ಇಲ್ಲ. ಮತಗಟ್ಟೆಗೆ ಬಂದವರೇ ಶೇ 38ಕ್ಕಿಂತ ಕಡಿಮೆ. ಯುದ್ಧದಲ್ಲಿ ಜಾಸ್ತಿ ಪೆಟ್ಟು ತಿಂದ ಎಷ್ಟೋ ಹಳ್ಳಿಗಾಡು ಪ್ರದೇಶಗಳು ಹೂಂ ಅಂದವು. ಒಳನಾಡಿನ ಹಲವು ಪಟ್ಟಣಗಳು, ಅದರಲ್ಲೂ ಮೆಡೆಯೀನ್ ನಗರ, ಊಹೂಂ ಅಂದವು. ರಾಜಧಾನಿ ಬೊಗೊಟಾ ಒಪ್ಪಂದದ ಪರ ನಿಂತಿತು. ಹಾಗಾಗಿ ಇದನ್ನು ಹಳ್ಳಿ ಮತ್ತು ಪೇಟೆಯ ಜಗಳ ಅಂತ ಸಲೀಸಾಗಿ ಹೇಳಿಬಿಡಲು ಆಗದು. ಆದರೂ ಬೊಹಾಯಾದವರು ಕ್ಷಮಿಸಲು ತಯಾರಿದ್ದರು, ಅವರ ಹೆಸರಿನಲ್ಲಿ ಸಿಟ್ಟಾದವರು ತಯಾರಿರಲಿಲ್ಲ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ.

ಪ್ರಪಂಚದಲ್ಲಿ ಎಲ್ಲೇ ಶಾಂತಿ ಮಾತುಕತೆಯ ಪ್ರಸ್ತಾಪ ಬಂದರೂ ಈಗ ಕೊಲಂಬಿಯಾದ ಉದಾಹರಣೆ ಬರುತ್ತದೆ. ಹೊಗಳುವವರು ಒಪ್ಪಂದದ ಪುಟ ತೋರಿಸುತ್ತಾರೆ. ತೆಗಳುವವರು ಇವತ್ತಿಗೂ ಬೀಳುತ್ತಿರುವ ಹೆಣ ತೋರಿಸುತ್ತಾರೆ. ಮಾತುಕತೆಯೇ ವ್ಯರ್ಥ ಅನ್ನುವ ತೀರ್ಮಾನಕ್ಕೆ ಬರಲು ಈ ಹೆಣಗಳನ್ನೇ ಸಾಕ್ಷಿಯಾಗಿ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಮೇಜಿನ ಸುತ್ತ ನಡೆದ ಕೆಲಸ ಚೆನ್ನಾಗಿಯೇ ನಡೆಯಿತು. ಕೆಟ್ಟದ್ದು ಆಮೇಲೆ. ಬಂಡುಕೋರರು ಬಿಟ್ಟು ಹೋದ ಹಳ್ಳಿಗೆ ಸರ್ಕಾರ ಕಾಲಿಡಲಿಲ್ಲ.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1948ರ ಏಪ್ರಿಲ್ 9ರಂದು ಬೊಗೊಟಾದ ಬೀದಿಯಲ್ಲಿ ಹೋರ್ಹೆ ಎಲಿಯೆಸೆರ್ ಗೈತಾನ್ ಎಂಬ ಜನಪ್ರಿಯ ನಾಯಕನ ಕೊಲೆಯಾಯಿತು. ನಗರ ಹೊತ್ತಿ ಉರಿಯಿತು. ಲಿಬರಲ್ ಮತ್ತು ಕನ್ಸರ್ವೇಟಿವ್ ಪಕ್ಷಗಳ ಬೆಂಬಲಿಗರು ಹಳ್ಳಿ ಹಳ್ಳಿಗಳಲ್ಲಿ ಒಬ್ಬರನ್ನೊಬ್ಬರು ಕೊಂದರು. 1958ರಲ್ಲಿ ಎರಡೂ ಪಕ್ಷಗಳ ದೊಡ್ಡವರು ಕೂತು ರಾಜಿ ಮಾಡಿಕೊಂಡರು. ನಾಲ್ಕು ವರ್ಷ ನೀವು, ನಾಲ್ಕು ವರ್ಷ ನಾವು ಅಂತ ಅಧಿಕಾರ ಹಂಚಿಕೊಂಡರು. ಬೇರೆಯವರಿಗೆ ಒಳಗೆ ಜಾಗವೇ ಇಲ್ಲ. ಜಮೀನಿನ ಪ್ರಶ್ನೆ ಇದ್ದಲ್ಲೇ ಉಳಿಯಿತು. 1964ರಲ್ಲಿ ಮಾರ್ಕೆತಾಲಿಯಾ ಎಂಬ ರೈತರ ನೆಲೆಯ ಮೇಲೆ ಸೈನ್ಯ ದಾಳಿ ಮಾಡಿದಾಗ ತಪ್ಪಿಸಿಕೊಂಡವರು ಕಟ್ಟಿದ್ದೇ ಫಾರ್ಕ್. ಮೇಲಿನವರ ನಡುವೆ ಆದ ರಾಜಿ ಕೆಳಗಿನವರಿಗೆ ಯುದ್ಧವಾಗಿ ಇಳಿದು ಬಂತು.

ನಂತರದ ಅರ್ಧ ಶತಮಾನವನ್ನು ಬೇಗ ದಾಟೋಣ. ಕೊಕೇನ್ ದುಡ್ಡು ಬಂತು. ಜಮೀನ್ದಾರರು, ಮಾದಕದ್ರವ್ಯದ ದೊರೆಗಳು ಪ್ಯಾರಾಮಿಲಿಟರಿ ಪಡೆಗಳನ್ನು ಸಾಕಿದರು. ಫಾರ್ಕ್ ಜನರನ್ನು ಅಪಹರಿಸಿ ಒತ್ತೆಹಣ ಕೇಳತೊಡಗಿತು. ಸೈನ್ಯವೂ ಕೈ ಕೆಸರು ಮಾಡಿಕೊಂಡಿತು. 1985ರಿಂದ 2018ರ ನಡುವೆ ಕನಿಷ್ಠ 4,50,664 ಜನ ಸತ್ತರು ಎಂದು 2016ರ ಒಪ್ಪಂದದಂತೆ ರಚನೆಯಾದ ಸತ್ಯ ಆಯೋಗ 2022ರಲ್ಲಿ ಲೆಕ್ಕ ಕೊಟ್ಟಿತು. ಅವರಲ್ಲಿ ಹತ್ತಕ್ಕೆ ಎಂಟು ಜನ ಬಂದೂಕು ಹಿಡಿಯದ ನಾಗರಿಕರು.

ಮಾತುಕತೆಗಳೂ ಬೇಕಾದಷ್ಟು ನಡೆದಿದ್ದವು. 1984ರ ಒಪ್ಪಂದದ ನಂತರ ಫಾರ್ಕ್ ಮತ್ತು ಎಡಪಂಥೀಯರು ಸೇರಿ ಪಾಟ್ರಿಯಾಟಿಕ್ ಯೂನಿಯನ್ ಎಂಬ ಪಕ್ಷ ಕಟ್ಟಿದರು. ಚುನಾವಣೆಗೆ ನಿಂತರು. ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲಲಾಯಿತು. ಆ ಪಕ್ಷದ ಇಬ್ಬರು ಅಧ್ಯಕ್ಷೀಯ ಅಭ್ಯರ್ಥಿಗಳೂ ಉಳಿಯಲಿಲ್ಲ. ಸತ್ತವರು, ನಾಪತ್ತೆಯಾದವರು ಸೇರಿ 5,733 ಜನ ಎಂದು 2016ರ ಒಪ್ಪಂದದಿಂದ ಹುಟ್ಟಿದ ಶಾಂತಿ ನ್ಯಾಯಾಲಯ ಆಮೇಲೆ ಹೇಳಿತು. ಬಂದೂಕು ಬಿಟ್ಟು ಬನ್ನಿ ಅಂದಾಗ ಫಾರ್ಕ್‌ನವರು ಅನುಮಾನದಿಂದ ನೋಡಿದ್ದು ಸುಮ್ನೆ ಅಲ್ಲ. 1999ರಲ್ಲಿ ಇನ್ನೊಂದು ಸುತ್ತು. ಅಧ್ಯಕ್ಷ ಪಾಸ್ತ್ರಾನಾ 42 ಸಾವಿರ ಚದರ ಕಿಲೋಮೀಟರ್ ಪ್ರದೇಶದಿಂದ ಸೈನ್ಯವನ್ನೇ ವಾಪಸ್ ಕರೆಸಿದರು. ಮಾತುಕತೆಯ ಉದ್ಘಾಟನೆಯ ದಿನ ಫಾರ್ಕ್ ಮುಖ್ಯಸ್ಥ ಮರುಲಾಂಡಾ ಬರಲೇ ಇಲ್ಲ. ಖಾಲಿ ಕುರ್ಚಿಯ ಪಕ್ಕ ಅಧ್ಯಕ್ಷರು ಕೂತ ಫೋಟೋ ದೇಶದ ತುಂಬ ಓಡಾಡಿತು. ಮೂರು ವರ್ಷದಲ್ಲಿ ಎಲ್ಲ ಮುರಿದುಬಿತ್ತು. ಆ ಸಿಟ್ಟಿನ ಮೇಲೆಯೇ 2002ರಲ್ಲಿ ಆಲ್ವಾರೊ ಉರಿಬೆ ಗೆದ್ದರು. ಅವರದು ‘ಹೊಡೆದು ಮುಗಿಸೋಣ’ ಎಂಬ ಲೈನು.

ಉರಿಬೆ ಅವರ ರಕ್ಷಣಾ ಸಚಿವರಾಗಿ ಫಾರ್ಕ್‌ಗೆ ಭಾರಿ ಪೆಟ್ಟು ಕೊಟ್ಟವರು ಹುವಾನ್ ಮಾನ್ವೆಲ್ ಸ್ಯಾಂಟೋಸ್. 2010ರಲ್ಲಿ ಅಧ್ಯಕ್ಷರಾದ ಮೇಲೆ ಮಾತುಕತೆಗೆ ಕೂತವರೂ ಅವರೇ. ಉರಿಬೆ ಇದನ್ನು ಕ್ಷಮಿಸಲಿಲ್ಲ. ಮುಂದಿನ ಕಥೆಯ ಅರ್ಧ ಭಾಗ ಈ ಇಬ್ಬರ ಜಗಳವೇ.

ಹಿಂದಿನ ತಪ್ಪುಗಳಿಂದ ಸ್ಯಾಂಟೋಸ್ ಪಾಠ ಕಲಿತಿದ್ದರು. 2012ರಲ್ಲಿ ಮೊದಲು ಗುಟ್ಟಾಗಿ ಹವಾನಾದಲ್ಲಿ ಆರು ತಿಂಗಳು ಮಾತಾಡಿ, ಯಾವುದರ ಬಗ್ಗೆ ಮಾತಾಡುತ್ತೇವೆ ಅನ್ನುವುದನ್ನಷ್ಟೇ ನಿರ್ಧರಿಸಿದರು. ಜಮೀನು, ರಾಜಕೀಯ ಭಾಗವಹಿಸುವಿಕೆ, ಯುದ್ಧದ ಅಂತ್ಯ, ಮಾದಕದ್ರವ್ಯ, ಸಂತ್ರಸ್ತರು, ಜಾರಿ ಹೇಗೆ. ಆರೇ ವಿಷಯ. ದೇಶದ ಆರ್ಥಿಕ ನೀತಿ, ಸೈನ್ಯದ ಗಾತ್ರ ಇವೆಲ್ಲ ಮೇಜಿನ ಮೇಲೆ ಇಲ್ಲ. ಯಾವ ಪ್ರದೇಶದಿಂದಲೂ ಸೈನ್ಯ ಹಿಂದೆ ಸರಿಯುವುದಿಲ್ಲ. ಆರೂ ವಿಷಯ ಒಪ್ಪುವ ತನಕ ಯಾವುದೂ ಒಪ್ಪಿದಂತಲ್ಲ. ಕ್ಯೂಬಾ ಮತ್ತು ನಾರ್ವೆ ಜಾಮೀನುದಾರ ದೇಶಗಳಾದವು. ವೆನೆಜುವೆಲಾ ಮತ್ತು ಚಿಲಿ ಜೊತೆಗಿದ್ದವು.

ನನಗೆ ಹವಾನಾದಲ್ಲಿ ತುಂಬ ದೊಡ್ಡದು ಅನ್ನಿಸುವುದು 2014ರಲ್ಲಿ ನಡೆದ ಒಂದು ಏರ್ಪಾಟು. ಸಾಮಾನ್ಯವಾಗಿ ಇಂಥ ಮೇಜಿಗೆ ಬಂದೂಕು ಇದ್ದವರನ್ನು ಮಾತ್ರ ಕರೆಯುತ್ತಾರೆ. ಕಳೆದುಕೊಂಡವರು ಹೊರಗೆ ಕಾಯುತ್ತಾರೆ, ಅಲ್ವಾ? ಇಲ್ಲಿ 60 ಸಂತ್ರಸ್ತರನ್ನು 12 ಜನರ ಐದು ತಂಡ ಮಾಡಿ ವಿಮಾನದಲ್ಲಿ ಕರೆದುಕೊಂಡು ಹೋದರು. ಆಯ್ಕೆ ಮಾಡಿದ್ದು ಸರ್ಕಾರವಲ್ಲ, ಫಾರ್ಕ್ ಕೂಡ ಅಲ್ಲ. ವಿಶ್ವಸಂಸ್ಥೆ, ನ್ಯಾಷನಲ್ ಯೂನಿವರ್ಸಿಟಿ ಮತ್ತು ಬಿಷಪ್ಪರ ಸಭೆ ಸೇರಿ ಆರಿಸಿದವು. ಒಂದೇ ತಂಡದಲ್ಲಿ ಫಾರ್ಕ್‌ನಿಂದ ನೊಂದವರು, ಪ್ಯಾರಾಮಿಲಿಟರಿಯಿಂದ ನೊಂದವರು, ಸರ್ಕಾರದ ಸೈನ್ಯದಿಂದಲೇ ನೊಂದವರು ಅಕ್ಕಪಕ್ಕ ಕೂತರು. ತಮ್ಮವರನ್ನು ಕೊಂದ ಸಂಘಟನೆಯ ನಾಯಕರ ಎದುರಿಗೇ ತಮ್ಮ ಕಥೆ ಹೇಳಿದರು. ಅದೇ ವರ್ಷ ಹೆಂಗಸರ ವಿಷಯಕ್ಕೆಂದೇ ಪ್ರತ್ಯೇಕ ಉಪಸಮಿತಿ ಆಯಿತು.

ಇದರಿಂದ ಏನಾಯಿತು? ‘ನಾವು ಜನರಿಗಾಗಿ ಹೋರಾಡಿದವರು, ನಮಗೇನು ಶಿಕ್ಷೆ’ ಎಂಬ ಫಾರ್ಕ್‌ನ ಹಳೆಯ ಮಾತು ಆ ಕೋಣೆಯಲ್ಲಿ ನಡೆಯದಾಯಿತು. ಸರ್ಕಾರಕ್ಕೂ ‘ತಪ್ಪೆಲ್ಲ ಅವರದ್ದೇ’ ಅನ್ನಲು ಆಗಲಿಲ್ಲ. 2015ರ ಡಿಸೆಂಬರ್‌ನಲ್ಲಿ ಫಾರ್ಕ್‌ನ ನಿಯೋಗ ಬೊಹಾಯಾಕ್ಕೆ ಹೋಗಿ ಜನರ ಮುಂದೆ ಕ್ಷಮೆ ಕೇಳಿತು. ಶೇ 96ರ ಹಿಂದೆ ಈ ಭೇಟಿಯ ಪಾಲೂ ಇದೆ ಅಂತ ನನ್ನ ಅಂದಾಜು.

2016ರ ಸೆಪ್ಟೆಂಬರ್ 26ರಂದು ಕಾರ್ತಹೇನಾದಲ್ಲಿ ಸಹಿ. ಬೊಹಾಯಾದ ಹೆಂಗಸರು ಅಲಬಾವೊ ಎಂಬ ತಮ್ಮ ಸಾವಿನ ಹಾಡಿನ ಧಾಟಿಯಲ್ಲಿ ಶಾಂತಿಯ ಹಾಡು ಹಾಡಿದರು. ಫಾರ್ಕ್ ಮುಖ್ಯಸ್ಥ ತಿಮೊಚೆಂಕೊ ಭಾಷಣ ಮಾಡುತ್ತಿದ್ದಾಗ ವಾಯುಪಡೆಯ ಯುದ್ಧವಿಮಾನಗಳು ತಲೆಯ ಮೇಲೆಯೇ ಹಾರಿದವು. ಅವರು ಬೆಚ್ಚಿ ಮೇಲೆ ನೋಡಿದರು. ಆಮೇಲೆ ನಕ್ಕು, ಈ ಸಲ ಬಾಂಬ್ ಹಾಕಲು ಬಂದಿಲ್ಲ, ಶಾಂತಿಗೆ ಸಲಾಮು ಹೊಡೆಯಲು ಬಂದಿವೆ ಅನ್ನುವ ಅರ್ಥದ ಮಾತಾಡಿದರು. ಆರು ದಿನ ಕಳೆಯುವಷ್ಟರಲ್ಲಿ ಜನಮತಗಣನೆಯಲ್ಲಿ ಸೋಲು.

ಸೋತದ್ದೇಕೆ? ನಾಯಕರಿಗೆ ಜೈಲಿಲ್ಲ, ಮೇಲಿಂದ ಸಂಸತ್ತಿನಲ್ಲಿ ಹತ್ತು ಸೀಟು ಅನ್ನುವುದು ಎಷ್ಟೋ ಜನರಿಗೆ ನುಂಗಲಾರದ ತುತ್ತಾಗಿತ್ತು. ಅದು ನ್ಯಾಯವಾದ ಸಿಟ್ಟೇ. ಅದರ ಮೇಲೆ ಸುಳ್ಳುಗಳೂ ಸೇರಿದವು. ದೇಶ ಇನ್ನೊಂದು ವೆನೆಜುವೆಲಾ ಆಗುತ್ತದೆ, ಕುಟುಂಬ ವ್ಯವಸ್ಥೆ ಹಾಳಾಗುತ್ತದೆ ಅಂತ ಪ್ರಚಾರ ನಡೆಯಿತು. ಜನ ಸಿಟ್ಟಿನಿಂದ ಹೋಗಿ ವೋಟು ಹಾಕಲಿ ಅನ್ನುವುದೇ ನಮ್ಮ ಉದ್ದೇಶವಾಗಿತ್ತು ಎಂದು ‘ಬೇಡ’ ಬಣದ ಪ್ರಚಾರ ನಡೆಸಿದವರೊಬ್ಬರು ಆಮೇಲೆ ಪತ್ರಿಕೆಯೊಂದಕ್ಕೆ ಹೇಳಿಬಿಟ್ಟರು. ಆದರೆ ಸ್ಯಾಂಟೋಸ್ ಕಡೆಯ ತಪ್ಪು ಸಣ್ಣದಲ್ಲ. ನಾಲ್ಕು ವರ್ಷ ಹವಾನಾದಲ್ಲಿ ಫಾರ್ಕ್ ಜೊತೆ ಕೂತವರು ತಮ್ಮದೇ ದೇಶದ ಮತದಾರರ ಜೊತೆ ಅಷ್ಟು ಹೊತ್ತು ಕೂರಲಿಲ್ಲ. ಸುಮಾರು 300 ಪುಟದ ಒಪ್ಪಂದವನ್ನು ಜನರ ಕೈಗೆ ಕೊಟ್ಟು ಕೆಲವೇ ವಾರಗಳಲ್ಲಿ ಹೂಂ ಅನ್ನಿ ಎಂದರೆ ಯಾರು ಓದುತ್ತಾರೆ?

‘ಬೇಡ’ ಅಂದವರ ಜೊತೆ ಮಾತಾಡಿ ಹಲವು ತಿದ್ದುಪಡಿ ಮಾಡಿದರು. ಫಾರ್ಕ್ ತನ್ನ ಆಸ್ತಿಯ ಲೆಕ್ಕ ಕೊಡಬೇಕು, ಅದರಿಂದ ಸಂತ್ರಸ್ತರಿಗೆ ಪರಿಹಾರ ಕೊಡಬೇಕು ಎಂಬುದು ಅದರಲ್ಲಿ ಒಂದು. ನವೆಂಬರ್ 24ರಂದು ಬೊಗೊಟಾದಲ್ಲಿ ಎರಡನೇ ಸಹಿ. ಈ ಸಲ ಜನರನ್ನು ಕೇಳಲಿಲ್ಲ. ಸಂಸತ್ತೇ ಒಪ್ಪಿಗೆ ಕೊಟ್ಟಿತು. ಸೆನೆಟ್‌ನಲ್ಲಿ 75-0, ಕೆಳಮನೆಯಲ್ಲಿ 130-0. ಉರಿಬೆ ಪಕ್ಷದವರು ಎದ್ದು ಹೊರಗೆ ಹೋಗಿದ್ದರು. ಕಾನೂನಿನ ಪ್ರಕಾರ ಇದು ಸರಿ. ಆದರೆ ‘ನಮ್ಮ ವೋಟಿಗೆ ಬೆಲೆಯಿಲ್ಲ’ ಎಂಬ ಮಾತಿಗೆ ಉತ್ತರ ಸಿಗಲಿಲ್ಲ. 2018ರಲ್ಲಿ ಒಪ್ಪಂದವನ್ನು ವಿರೋಧಿಸಿದ ಇವಾನ್ ದುಕೆ ಅಧ್ಯಕ್ಷರಾದರು. ಜಾರಿ ಮಾಡಬೇಕಾದವರೇ ಅದರಲ್ಲಿ ನಂಬಿಕೆ ಇಲ್ಲದವರು. ಮೊದಲ ನಾಲ್ಕೈದು ವರ್ಷ ಶಾಂತಿ ಒಪ್ಪಂದಕ್ಕೆ ಬಲು ಮುಖ್ಯ. ಅದೇ ಹೊತ್ತು ಕೈತಪ್ಪಿತು.

ಸಾಧನೆಯನ್ನೂ ಹೇಳಬೇಕು. ಅದು ಸಣ್ಣದಲ್ಲ. 2017ರ ಜೂನ್ ಹೊತ್ತಿಗೆ ಫಾರ್ಕ್ ಸಂಘಟನೆಯಾಗಿ ಶಸ್ತ್ರ ಒಪ್ಪಿಸಿತು. ವಿಶ್ವಸಂಸ್ಥೆ ಕೊನೆಗೆ ಲೆಕ್ಕ ಹಾಕಿದಾಗ ಸುಮಾರು 9 ಸಾವಿರ ಬಂದೂಕು. ಕಲಾವಿದೆ ಡೋರಿಸ್ ಸಾಲ್ಸೆದೊ ಅದರಲ್ಲಿ 37 ಟನ್ ಲೋಹವನ್ನು ಕರಗಿಸಿ ಬೊಗೊಟಾದ ಒಂದು ಕಟ್ಟಡಕ್ಕೆ ನೆಲಹಾಸು ಮಾಡಿದರು. ಯುದ್ಧದಲ್ಲಿ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರು ಸುತ್ತಿಗೆ ಹಿಡಿದು ಆ ಹಾಸಿನ ಅಚ್ಚು ಬಡಿದರು. ಇವತ್ತು ಅಲ್ಲಿಗೆ ಹೋದವರು ಆ ಬಂದೂಕುಗಳ ಮೇಲೆ ಕಾಲಿಟ್ಟು ನಡೆಯುತ್ತಾರೆ. ಸುಮಾರು 13 ಸಾವಿರ ಜನ ನಾಗರಿಕ ಬದುಕಿಗೆ ಬಂದರು. ಕಾಡಿನಲ್ಲಿ ಮಕ್ಕಳು ಹೆರುವುದಕ್ಕೆ ಫಾರ್ಕ್‌ನಲ್ಲಿ ಅವಕಾಶವಿರಲಿಲ್ಲ. ಒಪ್ಪಂದವಾದ ಮೇಲೆ ಶಸ್ತ್ರ ಬಿಟ್ಟವರು ಉಳಿದುಕೊಂಡ ಶಿಬಿರಗಳಲ್ಲಿ ಒಂದರ ಹಿಂದೆ ಒಂದು ತೊಟ್ಟಿಲು ಕಟ್ಟಿದರು. ಕೆಲವರು ಬಿಯರ್ ತಯಾರಿಸಿದರು. ಕಾಕೆತಾ ಕಡೆಯ ಒಂದು ಗುಂಪು ನದಿಯಲ್ಲಿ ರಾಫ್ಟಿಂಗ್ ಶುರುಮಾಡಿ 2019ರಲ್ಲಿ ಆಸ್ಟ್ರೇಲಿಯಾದ ವಿಶ್ವ ಚಾಂಪಿಯನ್‌ಶಿಪ್‌ಗೂ ಹೋಗಿ ಬಂತು. ಬಹುಪಾಲು ಜನ ಮತ್ತೆ ಕಾಡಿಗೆ ಹೋಗಲಿಲ್ಲ. ಇದನ್ನು ಸುದ್ದಿಯಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದು, ನ್ಯಾಯದ ವ್ಯವಸ್ಥೆ. ಶಾಂತಿಗಾಗಿನ ವಿಶೇಷ ನ್ಯಾಯಾಲಯ 2018ರಲ್ಲಿ ಕೆಲಸ ಶುರುಮಾಡಿತು. ಅದರ ಲೆಕ್ಕ ಸರಳ. ಗಂಭೀರ ಅಪರಾಧ ಮಾಡಿದವನು ಪೂರ್ತಿ ಸತ್ಯ ಹೇಳಿ ಹೊಣೆ ಹೊತ್ತರೆ 5ರಿಂದ 8 ವರ್ಷ ಓಡಾಟಕ್ಕೆ ನಿರ್ಬಂಧ, ಜೊತೆಗೆ ನೊಂದವರಿಗೆ ಉಪಯೋಗವಾಗುವ ಕೆಲಸ. ಜೈಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ 20 ವರ್ಷದವರೆಗೆ ಜೈಲು. ಬಂಡುಕೋರರಿಗೂ ಸೈನಿಕರಿಗೂ ಒಂದೇ ನ್ಯಾಯಾಲಯ.

ಇದರಿಂದ ಏನು ಸಿಕ್ಕಿತು ಅನ್ನುವುದಕ್ಕೆ ಒಕಾನ್ಯಾ ಊರಿನ ವಿಚಾರಣೆ ನೋಡಬೇಕು. ಉರಿಬೆ ಕಾಲದಲ್ಲಿ ಸತ್ತ ಗೆರಿಲ್ಲಾಗಳ ಲೆಕ್ಕಕ್ಕೆ ತಕ್ಕಂತೆ ಸೈನಿಕರಿಗೆ ರಜೆ, ಬಹುಮಾನ, ಪದಕ ಸಿಗುತ್ತಿದ್ದವು. ಲೆಕ್ಕ ತುಂಬಿಸಲು ಏನು ಮಾಡಿದರು ಗೊತ್ತಾ? ಬೊಗೊಟಾ ಪಕ್ಕದ ಸೊಆಚಾದ ಬಡ ಹುಡುಗರಿಗೆ ಕೆಲಸದ ಆಸೆ ತೋರಿಸಿ, ದೂರದ ಒಕಾನ್ಯಾ ಕಡೆಗೆ ಕರೆದೊಯ್ದು, ಕೊಂದು, ಗೆರಿಲ್ಲಾ ಸಮವಸ್ತ್ರ ತೊಡಿಸಿದರು. ನಮ್ಮ ಮಾತಿನಲ್ಲಿ ನಕಲಿ ಎನ್‌ಕೌಂಟರ್. ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಒಬ್ಬ ಯುವಕ ಎಡಗೈಯವನು. ಅವನ ಶವದ ಬಲಗೈಯಲ್ಲಿ ಪಿಸ್ತೂಲು ಇಟ್ಟಿದ್ದರು. 2002ರಿಂದ 2008ರವರೆಗೆ ಹೀಗೆ ಕನಿಷ್ಠ 6,402 ಜನ ಸತ್ತರು ಎಂದು ಈ ನ್ಯಾಯಾಲಯ ಹೇಳಿದೆ. ತಾಯಂದಿರು ವರ್ಷಗಟ್ಟಲೆ ಅಲೆದರು. ನಿಮ್ಮ ಮಕ್ಕಳು ಸಾಚಾ ಇರಲಿಕ್ಕಿಲ್ಲ ಅನ್ನುವ ಧಾಟಿಯ ಉತ್ತರ ಕೇಳಿಸಿಕೊಂಡರು. 2022ರ ಏಪ್ರಿಲ್‌ನಲ್ಲಿ ಒಬ್ಬ ಜನರಲ್ ಸೇರಿ ಹತ್ತು ಮಂದಿ ಮಾಜಿ ಸೇನಾ ಸಿಬ್ಬಂದಿ ಮತ್ತು ಒಬ್ಬ ನಾಗರಿಕ ಅದೇ ಒಕಾನ್ಯಾದಲ್ಲಿ ಆ ತಾಯಂದಿರ ಮುಂದೆ ನಿಂತು, ಹೌದು, ನಾವೇ ಮಾಡಿದ್ದು, ನಿಮ್ಮ ಮಕ್ಕಳು ಗೆರಿಲ್ಲಾಗಳಲ್ಲ ಎಂದು ಒಪ್ಪಿಕೊಂಡರು. ಮಾಮೂಲಿ ಕೋರ್ಟಿನಲ್ಲಿ ಇವರ ವಕೀಲರು ಬಾಯಿ ಬಿಡಲು ಬಿಡುತ್ತಿದ್ದರಾ?

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 21 ಸಾವಿರಕ್ಕೂ ಹೆಚ್ಚು ಜನರ ಅಪಹರಣದ ಪ್ರಕರಣದಲ್ಲಿ ಫಾರ್ಕ್‌ನ ಏಳು ಹಿರಿಯ ನಾಯಕರಿಗೆ 2025ರ ಸೆಪ್ಟೆಂಬರ್‌ನಲ್ಲಿ ಶಿಕ್ಷೆಯಾಯಿತು. ಎಂಟು ವರ್ಷ. ನಾಪತ್ತೆಯಾದವರ ಹುಡುಕಾಟ, ನೆಲಬಾಂಬ್ ತೆಗೆಯುವ ಕೆಲಸಕ್ಕೆ ನೆರವು ಇತ್ಯಾದಿ. ಅದೇ ವಾರ ನಕಲಿ ಎನ್‌ಕೌಂಟರ್‌ಗೆ 12 ಮಾಜಿ ಸೈನಿಕರಿಗೂ ಅಂಥದ್ದೇ ಶಿಕ್ಷೆ. ಒತ್ತೆಯಾಳಾಗಿ ವರ್ಷಗಟ್ಟಲೆ ಕಾಡಿನಲ್ಲಿ ಸರಪಳಿಯಲ್ಲಿ ಇದ್ದವರಿಗೆ ಇದು ಅವಮಾನ ಅನ್ನಿಸಿದರೆ ಅವರನ್ನು ತಪ್ಪು ಅನ್ನುವ ಧೈರ್ಯ ನನಗಿಲ್ಲ. ಹಾಗಂತ ಬೇರೆ ದಾರಿ ಏನಿತ್ತು? ಸೋಲದ ಸೈನ್ಯ, ಪೂರ್ತಿ ಸೋಲದ ಬಂಡುಕೋರರು. ಜೈಲಿಗೆ ಹೋಗಲು ಯಾರೂ ಬಂದೂಕು ಕೆಳಗಿಡುವುದಿಲ್ಲ. 1,21,768 ಜನ ನಾಪತ್ತೆಯಾದ ದೇಶದಲ್ಲಿ ಹೆಣ ಎಲ್ಲಿ ಹೂತಿದ್ದಾರೆ ಅನ್ನುವುದು ಹೂತವರಿಗೆ ಮಾತ್ರ ಗೊತ್ತು.

ಈಗ ಹಳ್ಳಿಗೆ ಬರೋಣ. ಒಪ್ಪಂದದ ಮೊದಲ ಅಧ್ಯಾಯವೇ ಜಮೀನು. 30 ಲಕ್ಷ ಹೆಕ್ಟೇರ್ ಭೂಮಿ ಇಲ್ಲದವರಿಗೆ ಹಂಚಬೇಕು. ಇನ್ನೂ 70 ಲಕ್ಷ ಹೆಕ್ಟೇರ್‌ಗೆ ಹಕ್ಕುಪತ್ರ ಕೊಡಬೇಕು. ತಲೆಮಾರುಗಳಿಂದ ಉಳುತ್ತಿದ್ದರೂ ಕೈಯಲ್ಲಿ ಕಾಗದ ಇಲ್ಲದ ರೈತರು ಅಲ್ಲಿ ಲಕ್ಷಗಟ್ಟಲೆ. ನಮ್ಮಲ್ಲಿ ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಕಾಗದ ಇಲ್ಲದವರನ್ನು ಬಂದೂಕು ತೋರಿಸಿ ಓಡಿಸಿದರು. 77 ಲಕ್ಷ ಜನ ಹೀಗೆ ಮನೆಮಠ ಬಿಟ್ಟರು ಎಂದು ಸತ್ಯ ಆಯೋಗದ ಲೆಕ್ಕ ಹೇಳುತ್ತದೆ. ಭೂಮಿ ಹಂಚಿಕೆ ಗುರಿಯ ಹತ್ತಿರಕ್ಕೂ ಬಂದಿಲ್ಲ. ಒಪ್ಪಂದದಲ್ಲಿ ಒಟ್ಟು 578 ಕೆಲಸಗಳಿವೆ ಎಂದು ಗುರುತಿಸಿ ಅಮೆರಿಕದ ನೋತ್ರ್ ದಾಮ್ ವಿಶ್ವವಿದ್ಯಾಲಯದ ಕ್ರಾಕ್ ಸಂಸ್ಥೆ ವರ್ಷಾವರ್ಷ ಲೆಕ್ಕ ಇಡುತ್ತದೆ. ಪೂರ್ತಿ ಮುಗಿದದ್ದು ಸುಮಾರು ಮೂರನೇ ಒಂದು ಭಾಗ. ಹಿಂದೆ ಬಿದ್ದಿರುವವುಗಳಲ್ಲಿ ಜಮೀನಿನ ಅಧ್ಯಾಯವೂ ಒಂದು.

ಕೊಕೇನ್ ತಯಾರಿಸಲು ಬೇಕಾದ ಕೋಕಾ ಗಿಡದ ಬೆಳೆಯ ವಿಷಯ ನೋಡಿ. ಕೋಕಾ ಕಿತ್ತರೆ ಹಣ, ಬೇರೆ ಬೆಳೆಗೆ ನೆರವು ಎಂದು ಸರ್ಕಾರ ಮಾತು ಕೊಟ್ಟಿತು. ಸುಮಾರು 99 ಸಾವಿರ ಕುಟುಂಬಗಳು ಸಹಿ ಹಾಕಿದವು. ಗಿಡ ಕಿತ್ತರು. ಮೊದಲ ಕಂತು ಬಂತು. ಬೇರೆ ಬೆಳೆಗೆ ಬರಬೇಕಿದ್ದ ನೆರವು ಎಷ್ಟೋ ಕಡೆ ವರ್ಷಗಟ್ಟಲೆ ಬರಲಿಲ್ಲ. ರಸ್ತೆಯೇ ಇಲ್ಲದ ಊರಿನಿಂದ ಜೋಳದ ಮೂಟೆ ಪೇಟೆಗೆ ಸಾಗಿಸಲು ದೋಣಿಗೆ ಕೊಡುವ ಬಾಡಿಗೆಯೇ ಜೋಳದ ಬೆಲೆಯನ್ನು ತಿಂದುಬಿಡುತ್ತದೆ. ಕೋಕಾ ಪೇಸ್ಟ್ ಕೊಳ್ಳುವವನು ಮನೆ ಬಾಗಿಲಿಗೇ ಬಂದು ನಗದು ಕೊಡುತ್ತಾನೆ. ಈ ರೈತ ಏನು ಮಾಡಬೇಕು? 2023ರಲ್ಲಿ ಕೋಕಾ ಬೆಳೆ 2,53,000 ಹೆಕ್ಟೇರ್‌ಗೆ ಏರಿತು. ಒಪ್ಪಂದಕ್ಕೆ ಮುಂಚೆ ಇಷ್ಟು ಇರಲಿಲ್ಲ.

ಫಾರ್ಕ್ ಖಾಲಿ ಮಾಡಿದ ಜಾಗಕ್ಕೆ ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ ಬರಬೇಕಿತ್ತು. ಬಂದದ್ದು ಈಎಲ್‌ಎನ್ ಎಂಬ ಇನ್ನೊಂದು ಸಂಘಟನೆಯ ಗೆರಿಲ್ಲಾಗಳು, ಗಲ್ಫ್ ಕ್ಲಾನ್ ಎಂಬ ಮಾದಕದ್ರವ್ಯ ಪಡೆ, ಮತ್ತು ಒಪ್ಪಂದ ಒಪ್ಪದೆ ಉಳಿದ ಫಾರ್ಕ್‌ನ ಚೂರುಗಳು. ಹವಾನಾದಲ್ಲಿ ಫಾರ್ಕ್ ಪರವಾಗಿ ಮಾತುಕತೆ ಮುನ್ನಡೆಸಿದ್ದ ಇವಾನ್ ಮಾರ್ಕೆಸ್ ಅವರೇ 2019ರಲ್ಲಿ ಮತ್ತೆ ಬಂದೂಕು ಹಿಡಿದು ವಿಡಿಯೊದಲ್ಲಿ ಕಾಣಿಸಿಕೊಂಡರು. ಒಪ್ಪಂದದ ನಂತರ ಶಸ್ತ್ರ ಬಿಟ್ಟವರಲ್ಲಿ 400ಕ್ಕೂ ಹೆಚ್ಚು ಜನರ ಕೊಲೆಯಾಗಿದೆ. ಹಳ್ಳಿಗಳಲ್ಲಿ ಜಮೀನಿನ ಹಕ್ಕು, ಕೋಕಾ ಬಿಡುವ ಯೋಜನೆ ಅಂತ ಓಡಾಡಿದ ಊರಿನ ಮುಖಂಡರು ಸಾವಿರಕ್ಕೂ ಹೆಚ್ಚು ಸತ್ತಿದ್ದಾರೆ. ಒಪ್ಪಂದವನ್ನು ನಂಬಿ ಮುಂದೆ ಬಂದವರನ್ನೇ ಮೊದಲು ಕೊಂದರು.

2022ರಲ್ಲಿ ಗುಸ್ತಾವೊ ಪೆಟ್ರೊ ಅಧ್ಯಕ್ಷರಾದರು. ಅವರು ಸ್ವತಃ ಎಂ-19 ಎಂಬ ಗೆರಿಲ್ಲಾ ಸಂಘಟನೆಯಲ್ಲಿದ್ದವರು. ಅದು 1990ರಲ್ಲಿ ಶಸ್ತ್ರ ಬಿಟ್ಟಿತ್ತು. ‘ಸಂಪೂರ್ಣ ಶಾಂತಿ’ ಎಂಬ ಹೆಸರಿಟ್ಟು ಎಲ್ಲ ಗುಂಪುಗಳ ಜೊತೆಯೂ ಏಕಕಾಲಕ್ಕೆ ಮಾತು ಶುರುಮಾಡಿದರು. ಆಸೆ ದೊಡ್ಡದು, ತಯಾರಿ ಕಡಿಮೆ. ಹವಾನಾದಲ್ಲಿ ಆರು ವಿಷಯಕ್ಕೆ ಗೆರೆ ಹಾಕಲು ಆರು ತಿಂಗಳು ತೆಗೆದುಕೊಂಡಿದ್ದರು. ಇಲ್ಲಿ ಯಾವ ಗೆರೆಯೂ ಇಲ್ಲದೆ ಕದನ ವಿರಾಮ ಘೋಷಣೆಯಾಯಿತು. ಸೈನ್ಯದ ಜೊತೆ ಕಾದಾಟ ನಿಂತಾಗ ಗುಂಪುಗಳು ತಮ್ಮತಮ್ಮಲ್ಲೇ ಜಾಗಕ್ಕಾಗಿ ಬಡಿದಾಡಿಕೊಂಡವು. 2025ರ ಜನವರಿಯಲ್ಲಿ ವೆನೆಜುವೆಲಾ ಗಡಿಯ ಕಾತಾತುಂಬೊದಲ್ಲಿ ಈಎಲ್‌ಎನ್ ಮತ್ತು ಫಾರ್ಕ್‌ನ ಒಂದು ಚೂರಿನ ನಡುವೆ ಯುದ್ಧವೇ ನಡೆಯಿತು. 50 ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ಮನೆ ಮನೆಗೆ ಹೋಗಿ ಹೆಸರು ಕೇಳಿ ಕೊಂದ ವರದಿಗಳು ಬಂದವು. ಸತ್ತವರಲ್ಲಿ 2016ರ ಒಪ್ಪಂದಕ್ಕೆ ಸಹಿ ಹಾಕಿದ ಮಾಜಿ ಫಾರ್ಕ್‌ನವರೂ ಇದ್ದರು. ಈಎಲ್‌ಎನ್ ಜೊತೆಗಿನ ಮಾತುಕತೆ ನಿಂತಿತು.

ಅದೇ ವರ್ಷ ಜೂನ್‌ನಲ್ಲಿ ಬೊಗೊಟಾದ ಪಾರ್ಕೊಂದರಲ್ಲಿ ಭಾಷಣ ಮಾಡುತ್ತಿದ್ದ ಸೆನೆಟರ್ ಮಿಗೆಲ್ ಉರಿಬೆ ತುರ್ಬಾಯ್ ಅವರ ಮೇಲೆ ಗುಂಡು ಹಾರಿತು. ಅಧ್ಯಕ್ಷೀಯ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದ ಅವರು ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ತಾಯಿ, ಪತ್ರಕರ್ತೆ ದಿಯಾನಾ ತುರ್ಬಾಯ್, ಮಾದಕದ್ರವ್ಯದ ದೊರೆ ಪಾಬ್ಲೊ ಎಸ್ಕೊಬಾರ್ ಕಡೆಯವರ ಒತ್ತೆಯಾಳಾಗಿದ್ದು 1991ರಲ್ಲಿ ಸತ್ತಿದ್ದರು. ಮಗನಿಗೆ ಆಗಿನ್ನೂ ಐದು ವರ್ಷ ತುಂಬಿರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ‘ಮಾತುಕತೆ ಸಾಕು, ಸೈನ್ಯ ಕಳಿಸಿ’ ಎಂಬ ಕೂಗು ಏಳುತ್ತದೆ. ಆದರೆ ಈಗ ಕೊಲ್ಲುತ್ತಿರುವವರು ಯಾರು ಅಂತ ನೋಡಿ. ಬಹುಪಾಲು ಒಪ್ಪಂದದ ಹೊರಗೆ ಉಳಿದವರು. ಒಳಗೆ ಬಂದವರು ಇವತ್ತಿಗೂ ನ್ಯಾಯಾಲಯಕ್ಕೆ ಹಾಜರಾಗುತ್ತಿದ್ದಾರೆ, ಹೂತ ಹೆಣದ ಜಾಗ ತೋರಿಸುತ್ತಿದ್ದಾರೆ, ಚುನಾವಣೆಯಲ್ಲಿ ಸೋಲುತ್ತಿದ್ದಾರೆ. ಹೌದು, ಸೋಲುತ್ತಿದ್ದಾರೆ. 2018ರಲ್ಲಿ ಅವರ ಪಕ್ಷಕ್ಕೆ ಬಿದ್ದ ವೋಟು ಶೇ 0.5 ಕೂಡ ಇಲ್ಲ. ಫಾರ್ಕ್ ದೇಶವನ್ನೇ ನುಂಗುತ್ತದೆ ಎಂದು ಹೆದರಿಸಿದವರು ಈ ಅಂಕಿಯ ಬಗ್ಗೆ ಮಾತಾಡುವುದಿಲ್ಲ.

ಒಪ್ಪಂದದ ಪ್ರಕಾರ ಆ ಪಕ್ಷಕ್ಕೆ ಖಾತ್ರಿಯಾಗಿ ಸಿಕ್ಕ ಹತ್ತು ಸೀಟು ಎರಡು ಅವಧಿಗೆ ಮಾತ್ರ, 2026ರ ಜುಲೈವರೆಗೆ. ಸಂತ್ರಸ್ತರ ಪ್ರದೇಶಗಳಿಗೆಂದು ಮೀಸಲಿಟ್ಟ 16 ಸೀಟುಗಳಿಗೂ ಎರಡೇ ಅವಧಿ. ಅವು 2017ರಿಂದಲೇ ಕಾನೂನು ಜಗಳದಲ್ಲಿ ಸಿಕ್ಕಿಕೊಂಡು, ಮೊದಲ ಚುನಾವಣೆ ನಡೆದದ್ದೇ 2022ರಲ್ಲಿ. ಇಡೀ ಒಪ್ಪಂದವನ್ನು ಜಾರಿ ಮಾಡಲು ಹಾಕಿಕೊಂಡ ಗಡುವು 15 ವರ್ಷ. ಅದು 2031ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ 30 ಲಕ್ಷ ಹೆಕ್ಟೇರ್ ಹಂಚುವ ಕೆಲಸ 2026ರಲ್ಲಿ ಬರುವ ಸರ್ಕಾರ ಮತ್ತು ಅದರ ನಂತರದ ಸರ್ಕಾರದ ಕೈಯಲ್ಲಿ ಉಳಿದಿದೆ.